ಟವೆಲು ಹಾಕಿದ ಸೀಟು

ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಒಳಕ್ಕೆ ಟವೆಲು ಎಸೆದೋರದೇ ಸೀಟು. ಯಾರೂ ಬರೆದಿಟ್ಟಿಲ್ಲ, ಯಾರೂ ಮೀರೋದೂ ಇಲ್ಲ. ಕಲ್ಯಾಣದುರ್ಗದ ಬಸ್ಸಿಗೆ ನಾನೂ ಎಸೆದೆ. ಮಂಡಿನೋವಿನೋಳು, ಅಷ್ಟು ದೂರ ನಿಲ್ಲೋಕಾಗಲ್ಲ. ಹತ್ತಿ ನೋಡಿದರೆ ನನ್ನ ಟವೆಲಿನ ಮೇಲೇ ಕರಿಕೋಟಿನ ಲಾಯರೊಬ್ಬ ಕೂತವ್ನೆ. ದೇಶದ ಸಂವಿಧಾನವನ್ನೇ ಹೊಸದಾಗಿ ಬರೀಬೇಕು, ಅದಕ್ಕೊಂದು ದೊಡ್ಡ ಸಭೆ ಕೂರಿಸಬೇಕು ಅಂತ ಪಕ್ಕದೋನ ತಲೆ ತಿಂತಾವ್ನೆ.

“ಏಳಯ್ಯಾ, ಅದು ನನ್ನ ಸೀಟು” ಅಂದೆ.

“ಟವೆಲಿನ ಕಾನೂನೇ ತಪ್ಪು ಕಣಜ್ಜಿ. ಕೋಲೂರಿಕೊಂಡು ನಿಂತಿರೋ ಆ ತಾತನ್ನ ನೋಡು. ಕಿಟಕಿಗೆ ಕೈ ಎಟುಕದೋನಿಗೆ ಯಾವತ್ತಾದ್ರೂ ಸೀಟು ಸಿಕ್ತೈತಾ? ಎಲ್ರೂ ಏಳಿ, ಕೂರೋ ಕಾನೂನು ಹೊಸದಾಗಿ ಮಾಡೋಣ.”

ಮಾತು ನ್ಯಾಯವಾಗೇ ಇತ್ತು. ಲಾಯರೂ ಸೇರಿ ಮುಂದಿನ ಸೀಟಿನೋರೆಲ್ಲ ಎದ್ದರು. ತಾತನ್ನ ಮೊದಲು ಕೂರಿಸಿದೆವು. ಆಮೇಲೆ ಯಾರು ಅಂತ ಜಗಳ ಹತ್ತಿಕೊಂಡಿತು. ಒಬ್ಬ ವಯಸ್ಸು ಅಂದ, ಒಬ್ಬ ದೂರ ಹೋಗೋರು ಅಂದ, ಒಬ್ಬಳು ಕಂಕುಳ ಕೂಸು ತೋರಿಸಿದಳು. ಅಷ್ಟರಲ್ಲಿ ಸೋಮಂದೇಪಲ್ಲಿ ಬಂತು. ಮದುವೆಗೆ ಹೊರಟ ಜನ ನುಗ್ಗಿ ಖಾಲಿ ಸೀಟಿನಲ್ಲೆಲ್ಲ ಕೂತ್ಬುಟ್ರು.

“ಈಗೇನಪ್ಪಾ ಲಾಯರೇ?”

“ಇನ್ನೊಂದು ಸಭೆ ಕರೀಬೇಕಜ್ಜಿ” ಅಂದ, ಕಂಬಿಗೆ ಜೋತುಬಿದ್ದು.

ಕಲ್ಯಾಣದುರ್ಗದವರೆಗೂ ನಿಂತೇ ಬಂದೆ. ತಾತನ ಮುಖ ನೋಡಿದರೆ ಸಭೆ ಕೂರಿಸಿದ್ದೇ ಸರಿ ಅನ್ನಿಸ್ತಿತ್ತು. ಮಂಡಿ ಮುಟ್ಟಿಕೊಂಡರೆ ಟವೆಲೇ ವಾಸಿ ಅನ್ನಿಸ್ತಿತ್ತು. ಯಾವುದು ಸರಿಯೋ ಇವತ್ತಿಗೂ ತಿಳಿದಿಲ್ಲ. ಲಾಯರಿಗೆ ಮಾತ್ರ ಹಿಂದೂಪುರದಲ್ಲೊಂದು, ಕಲ್ಯಾಣದುರ್ಗದಲ್ಲೊಂದು ಸಂಸಾರ ಐತೆ ಅಂತ ಕಂಡಕ್ಟರು ನನ್ನ ಕಿವಿಯಲ್ಲಿ ಉಸುರಿದ. ಇರೋ ಕಾನೂನು ಅವನಿಗೆ ಯಾಕೆ ಸಾಲದು ಅನ್ನೋದು ಆವಾಗ ತಿಳೀತು.