ಪಾದರಸ ಮಾಡಿದ ಬಾಣಂತನ

ಸಲೂನಿಗೆ ಬರುವವರೆಲ್ಲ ಅವನನ್ನು ಪಾದರಸ ಎಂದೇ ಕರೆಯುತ್ತಿದ್ದರು. ಸುಮ್ಮನೆ ಇಟ್ಟ ಹೆಸರಲ್ಲ ಅದು. ಒಂದು ತಲೆಗೆ ಕತ್ತರಿ ಹಾಕಿ ಮುಗಿಸುವಷ್ಟರಲ್ಲಿ ಅವನು ಕುರ್ಚಿಗೆ ಪ್ರದಕ್ಷಿಣೆ ಹಾಕಿ, ಬಾಗಿಲಿಗೆ ಹೋಗಿ ಬೀದಿ ನೋಡಿ, ಬಂದು ಫ್ಯಾನಿನ ವೇಗ ಹೆಚ್ಚಿಸಿ, ಮತ್ತೆ ಹೋಗಿ ತಗ್ಗಿಸಿ ಬರುತ್ತಿದ್ದ. ಕನ್ನಡಿಯಲ್ಲಿ ಅವನೆಲ್ಲಿದ್ದಾನೆ ಎಂದು ಹುಡುಕುವುದೇ ಗಿರಾಕಿಗೆ ಕೆಲಸ. ಆದರೆ ಕ್ಷೌರದ ಕತ್ತಿ ಕೈಗೆ ಬಂದರೆ ಮನುಷ್ಯನೇ ಬೇರೆ. ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಇನ್ನೊಬ್ಬರ ಗಂಟಲ ಮೇಲೆ ಕೈಯಾಡಿಸುವವನಿಗೆ ಅಷ್ಟಾದರೂ ಭಯ ಬೇಡವೇ?

ಕಸುಬು ಕಲಿಸಿದ್ದು ಅಪ್ಪ. ಅಪ್ಪನದು ಒಂದೇ ಕಟ್ಟಪ್ಪಣೆ: ಗಿರಾಕಿ ಕಣ್ಣು ಬಿಟ್ಟುಕೊಂಡಿದ್ದರೆ ಮಾತಾಡಿಸು, ಕಣ್ಣು ಮುಚ್ಚಿದರೆ ನೀನು ಬಾಯಿ ಮುಚ್ಚು. ಕಣ್ಣು ಮುಚ್ಚಿದವನಿಗೆ ಬೇಕಾಗಿರುವುದು ನಿನ್ನ ಕೈ, ನಾಲಿಗೆಯಲ್ಲ. ಪಾದರಸ ಇದನ್ನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದ. ಊರಿಗೆಲ್ಲ ಹರಟೆ ಹಂಚುವವನು, ಗಿರಾಕಿಯ ರೆಪ್ಪೆ ಕೂಡಿದ ತಕ್ಷಣ ರೇಡಿಯೋದ ಕಿವಿ ಹಿಂಡಿ ಮೂಕನಾಗುತ್ತಿದ್ದ. ಅವನ ಅಂಗಡಿ ನಡೆಯುತ್ತಿದ್ದುದರ ಗುಟ್ಟೂ ಅರ್ಧ ಅದೇ.

ಕಸುಬಿನಲ್ಲಿ ಅಪ್ಪ ಸರಿ, ಸಂಸಾರದಲ್ಲಿ ಅಷ್ಟಕ್ಕಷ್ಟೇ. "ನೀನು ಹುಟ್ಟೋವಾಗ ನಾನು ಒಳಗೆ ಸತ್ತು ಬದುಕಿದೆ ಕಣೋ. ನಿಮ್ಮಪ್ಪ ಹೊರಗೆ ಬೆಂಚಿನ ಮೇಲೆ ಗೊರಕೆ ಹೊಡೀತಿದ್ರು" ಎಂದು ಅವನ ತಾಯಿ ಹೇಳಿದ್ದು ಒಂದೆರಡು ಸಲವಲ್ಲ. ಕೇಳಿ ಕೇಳಿ ಆ ಬೆಂಚು ಅವನ ತಲೆಯೊಳಗೇ ಹೊಕ್ಕಿತ್ತು. ಹೆಂಡತಿಗೆ ತಿಂಗಳು ನಿಂತಾಗ ಅವನು ಮನಸ್ಸಿನಲ್ಲೇ ಆಣೆ ಮಾಡಿಕೊಂಡ: ನಾನು ಆ ಬೆಂಚಿನ ಮೇಲೆ ಕೂರುವವನಲ್ಲ.

ಕೂರಲೂ ಇಲ್ಲ. ತಪಾಸಣೆಯ ದಿನ ಬಂದರೆ ಅಂಗಡಿಗೆ ಬೀಗ. ಉಳಿದ ಗಂಡಂದಿರು ಆಸ್ಪತ್ರೆಯ ಗೇಟಿನ ಹತ್ತಿರ ಬೈಕಿಗೊರಗಿ ಫೋನು ತಿಕ್ಕುತ್ತಿದ್ದರೆ, ಇವನು ಹೆಂಗಸರ ಸಾಲಿನಲ್ಲಿ ಹೆಂಡತಿಯ ಚೀಲ, ನೀರಿನ ಬಾಟಲಿ, ಚಪ್ಪಲಿ ಎಲ್ಲ ಹಿಡಿದು ನಿಲ್ಲುತ್ತಿದ್ದ. ಡಾಕ್ಟರಿಗೆ ಹೆಂಡತಿಗಿಂತ ಮೊದಲು ಇವನೇ ಉತ್ತರ ಕೊಡುತ್ತಿದ್ದ. "ನಿದ್ದೆ ಹೇಗಿದೆಯಮ್ಮಾ?" ಎಂದು ಅವರು ಕೇಳಿದರೆ, "ಪರವಾಗಿಲ್ಲ ಮೇಡಂ, ಬೆಳಗಿನ ಜಾವ ಒಂದ್ಸಲ ಎದ್ದಳು" ಎನ್ನುತ್ತಿದ್ದ. ಒಂದು ದಿನ ಡಾಕ್ಟರೇ ನಕ್ಕು, "ಬಸುರಿ ಯಾರ್ರೀ ನಿಮ್ಮಿಬ್ಬರಲ್ಲಿ?" ಎಂದರು. ಇವನೂ ನಕ್ಕ. ಹೆಂಡತಿ ಮಾತ್ರ ತಲೆ ತಗ್ಗಿಸಿ ಸೀರೆಯ ಅಂಚು ಸುರುಳಿ ಸುತ್ತುತ್ತಿದ್ದಳು.

ದಿನ ತುಂಬುವ ಹೊತ್ತಿಗೆ ಅವಳ ಬಿಪಿ ಸ್ವಲ್ಪ ಏರಿತು. ನರ್ಸು ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದಳು. "ತಲೆ ಸಿಡೀತಿದ್ರೆ, ಕಣ್ಣು ಮಂಜಾದ್ರೆ, ಮುಖ ಊದಿದ್ರೆ, ಯೋಚನೆ ಮಾಡ್ತಾ ಕೂರಬೇಡಿ. ಸೀದಾ ಇಲ್ಲಿಗೆ ಬನ್ನಿ. ಹೆರಿಗೆ ಆದ್ಮೇಲೂ ಅಷ್ಟೇ." ಪಾದರಸನ ಕಾಲು ಅಂದಿನಿಂದ ಅಂಗಡಿಯಲ್ಲಿ ನಿಲ್ಲಲಿಲ್ಲ. ಗಡ್ಡಕ್ಕೆ ನೊರೆ ಹಚ್ಚಿದ ಗಿರಾಕಿಯನ್ನು ಹಾಗೇ ಬಿಟ್ಟು ಮನೆಗೆ ಓಡಿ, ಹೆಂಡತಿಯ ಮುಖ ನೋಡಿ ಬಂದದ್ದೂ ಉಂಟು. ಇವಳಿಗೇನಾದರೂ ಆದರೆ ಎಂಬ ಮಾತು ಎದೆಯೊಳಗೆ ಕೂತು ಎದ್ದೇಳಲೊಲ್ಲದು.

ಕೊನೆಗೆ ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಪಾದರಸ ಕಾರಿಡಾರಿನಲ್ಲೇ ಗೊಳೋ ಎಂದು ಅತ್ತ. ಅಳು ಮುಗಿದ ಮೇಲೆ ನಿರಾಳವಾಗಿ ಉಸಿರು ಬಿಟ್ಟ, ಗಂಡಾಂತರ ಕಳೆಯಿತು ಎಂದುಕೊಂಡ. ಹೆರಿಗೆ ಆದ ಮೇಲೂ ಅಷ್ಟೇ ಎಂದು ನರ್ಸು ಕೊನೆಯಲ್ಲಿ ಹೇಳಿದ ಮಾತು ಆ ಉಸಿರಿನ ಜೊತೆಗೇ ಹೊರಟುಹೋಯಿತು.

ಇನ್ನು ಮನೆಯಲ್ಲಿ ಶುರುವಾಯಿತು ನೋಡಿ ಅವನ ಬಾಣಂತನ! ಹೆಂಡತಿಗೆ ತಾಯಿ ಇರಲಿಲ್ಲ, ಇವನ ತಾಯಿಗೆ ಮಂಡಿನೋವು. ಹಾಗಾಗಿ ಅಡಿಗೆಯಿಂದ ಹಿಡಿದು ಮಗುವಿನ ಬಟ್ಟೆ ಒಗೆಯುವವರೆಗೆ ಎಲ್ಲ ಅವನದೇ. ಮಗುವಿಗೆ ಸ್ನಾನ ಮಾಡಿಸುವಾಗ ಮಾತ್ರ ಕತ್ತಿ ಹಿಡಿದ ಕೈ ಬರುತ್ತಿತ್ತು, ಅಷ್ಟು ಹಗುರ. ಮೊದಲು "ಗಂಡಸಿಗೇನೋ ಇಲ್ಲಿ ಕೆಲಸ?" ಎಂದು ಗದರಿದ ತಾಯಿಯೇ ವಾರ ಕಳೆಯುವುದರೊಳಗೆ ಮಾತು ಬದಲಿಸಿದಳು. "ಪುಣ್ಯ ಮಾಡಿದ್ದೀಯ ಕಣೇ. ಇಂಥ ಗಂಡ ಯಾರಿಗೆ ಸಿಗ್ತಾನೆ?" ಎಂದು ಸೊಸೆಗೆ ಹೊತ್ತುಹೊತ್ತಿಗೂ ಹೇಳತೊಡಗಿದಳು. ಮಗು ನೋಡಲು ಬಂದವರದ್ದೂ ಅದೇ ರಾಗ. ಪಾದರಸ ಬೇಡ ಬೇಡ ಎನ್ನುತ್ತಲೇ ಒಳಗೊಳಗೆ ಉಬ್ಬುತ್ತಿದ್ದ. ಹೊಗಳಿಕೆ ಯಾರಿಗೆ ಕಹಿ?

ಹೆಂಡತಿ ಹೆಚ್ಚು ಹೊತ್ತು ಕಣ್ಣು ಮುಚ್ಚಿಯೇ ಮಲಗಿರುತ್ತಿದ್ದಳು. "ಕಿಟಕಿ ಹಾಕ್ತೀರಾ? ಬೆಳಕು ಚುಚ್ಚುತ್ತೆ" ಎಂದಳು ಒಮ್ಮೆ. ಅವನು ಕಿಟಕಿ ಹಾಕಿದ, ಮೇಲೆ ಕಂಬಳಿಯನ್ನೂ ಇಳಿಬಿಟ್ಟ. ಕಣ್ಣು ಮುಚ್ಚಿದವರಿಗೆ ಏನು ಬೇಕು ಎಂಬುದು ಅವನಿಗೆ ಗೊತ್ತಿತ್ತಲ್ಲ! ರೇಡಿಯೋ ಬಂದ್. ಬಂದವರಿಗೆ ಹೊಸ್ತಿಲಲ್ಲೇ ತುಟಿಯ ಮೇಲೆ ಬೆರಳು. ಮಗುವಿಗೆ ಹಾಲು ಕುಡಿಸಿದ ಕೂಡಲೇ ಸದ್ದಿಲ್ಲದೆ ಎತ್ತಿಕೊಂಡು ಹೊರಗೆ. ಬೆಕ್ಕಿನ ಹೆಜ್ಜೆಯಲ್ಲಿ ಬರುವುದು, ತಟ್ಟೆ ಇಡುವುದು, ಬೆಕ್ಕಿನ ಹೆಜ್ಜೆಯಲ್ಲೇ ಹೋಗುವುದು. ಹೇಗಿದ್ದೀಯ ಎಂದು ಕೇಳಿ ಅವಳ ನಿದ್ದೆ ಕೆಡಿಸುವಷ್ಟು ದಡ್ಡನೇ ಅವನು? ಮದುವೆಯಾದಾಗಿನಿಂದ ಇಷ್ಟು ಸುಮ್ಮನಿದ್ದದ್ದು ಅವನಿಗೆ ಅದೇ ಮೊದಲು. ಹಾಗೆ ಸುಮ್ಮನಿರುವುದೇ ದೊಡ್ಡ ಸೇವೆ ಎಂದು ತಿಳಿದಿದ್ದ, ಪಾಪ.

ಒಂದು ಮಧ್ಯಾಹ್ನ ನೀರಿನ ಲೋಟ ಚಾಚಿದ. ಅವಳು ಅರೆಗಣ್ಣು ತೆರೆದು ಕೈ ಮುಂದೆ ಮಾಡಿದಳು. ಕೈ ಲೋಟದ ಪಕ್ಕಕ್ಕೆ ಹೋಗಿ ಗಾಳಿಯನ್ನು ಹಿಡಿಯಿತು. ಮತ್ತೊಮ್ಮೆ ಚಾಚಿದಳು, ಮತ್ತೂ ಗಾಳಿ.

ಪಾದರಸ ಕಿಟಕಿಯ ಕಂಬಳಿ ಕಿತ್ತೆಸೆದ. ಬೆಳಕಿನಲ್ಲಿ ಹೆಂಡತಿಯ ಮುಖ ನೋಡಿದ. ರೆಪ್ಪೆಗಳು ಊದಿ ದಪ್ಪಗಾಗಿದ್ದವು. ದಿಂಬಿನ ಹೊಲಿಗೆ ಒತ್ತಿದ ಗೆರೆ ಕೆನ್ನೆಯಲ್ಲಿ ಗುಳಿಯಾಗಿ ಹಾಗೇ ನಿಂತಿತ್ತು. ದಿನವಿಡೀ ಮುಖಗಳನ್ನೇ ನೋಡಿ ಹೊಟ್ಟೆ ಹೊರೆಯುವವನು, ಮನೆಯ ಮುಖವನ್ನೇ ಕತ್ತಲಲ್ಲಿಟ್ಟು ಕೂತಿದ್ದ!

"ಏನಾಗ್ತಿದೆ ನಿಂಗೆ?" ಎಂದ.

"ಏನಿಲ್ಲ. ತಲೆನೋವು."

"ಯಾವಾಗಿಂದ?"

"ಮೊನ್ನೆಯಿಂದ. ಈಗ ನೀವು ಇಬ್ಬಿಬ್ಬರಾಗಿ ಕಾಣ್ತಿದ್ದೀರಿ" ಎಂದು ಅವಳು ನಗಲು ನೋಡಿದಳು. "ಒಬ್ಬರನ್ನೇ ಸಂಭಾಳಿಸೋದು ಕಷ್ಟ."

"ಅಯ್ಯೋ, ಹೇಳಬಾರದಿತ್ತೇನೇ?"

"ಹೇಗೆ ಹೇಳಲಿ?" ಅವಳ ಕಣ್ಣಂಚಿನಲ್ಲಿ ನೀರು ಇಳಿಯಿತು. "ಇಷ್ಟೆಲ್ಲಾ ಮಾಡ್ತಿದ್ದೀರಿ. ಎಲ್ಲರೂ ಪುಣ್ಯವಂತೆ ಅಂತಾರೆ. ಇಷ್ಟಾದರೂ ಇವಳದು ಗೋಳು ಮುಗಿಯಲ್ಲ ಅಂದ್ಕೋತಾರೆ ಅಂತ ಸುಮ್ಮನಿದ್ದೆ. ನೀವು ಕೇಳಿದ್ರೆ ಹೇಳೋಣ ಅಂತಿದ್ದೆ. ನೀವು ಕೇಳಲೇ ಇಲ್ಲ."

ನರ್ಸಿನ ಮಾತು ಆಗ ಸಿಡಿಲಿನ ಹಾಗೆ ಬಂದು ಬಡಿಯಿತು. ಅವನು ಅವಳನ್ನು ಎತ್ತಿಕೊಂಡೇ ಬೀದಿಗಿಳಿದ. ತಾಯಿ ಮಂಡಿನೋವನ್ನೂ ಮರೆತು, ಮಗುವನ್ನು ಎದೆಗವಚಿಕೊಂಡು ಹಿಂದಿನಿಂದ ಬಂದು ಆಟೋ ಹತ್ತಿದಳು. ದಾರಿಯುದ್ದಕ್ಕೂ ಅವನು ಹೆಂಡತಿಯನ್ನು ಮಾತಾಡಿಸುತ್ತಲೇ ಇದ್ದ, ಅವಳ ಉತ್ತರಗಳು ಒಂದೊಂದಾಗಿ ಚಿಕ್ಕವಾಗುತ್ತ ಬಂದವು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಬಿಡಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಅಪ್ಪ ಗೊರಕೆ ಹೊಡೆದಂಥದೇ ಒಂದು ಬೆಂಚು ಇತ್ತು. ಅವನು ಅದರತ್ತ ತಿರುಗಿಯೂ ನೋಡದೆ ತಾಯಿಯ ಕೈಯಿಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆದ. ನಿಂತರೆ ಎಲ್ಲವೂ ನಿಂತುಹೋಗುತ್ತದೆ ಅನ್ನಿಸುತ್ತಿತ್ತು. ಮಗು ಹಸಿದು ಕಿರುಚಿತು, ಅವನ ಅಂಗಿಯ ಗುಂಡಿಯನ್ನೇ ಚೀಪಿತು. ಅವನು ನಡೆಯುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಈ ಸಲ ನಗಲಿಲ್ಲ.

"ಬಿಪಿ ಮಿತಿ ಮೀರಿತ್ತು. ಇನ್ನು ಸ್ವಲ್ಪ ತಡ ಮಾಡಿದ್ರೆ ಫಿಟ್ಸ್ ಬಂದುಬಿಡ್ತಿತ್ತು. ಈಗ ಹಿಡಿತಕ್ಕೆ ಬಂದಿದೆ" ಎಂದರು. ಅವನು ಕೈ ಮುಗಿಯಲು ಹೋದ, ಮಗು ಹೆಗಲ ಮೇಲಿದ್ದದ್ದರಿಂದ ಒಂದೇ ಕೈ ಎದ್ದಿತು.

ಮರುದಿನ ಬೆಳಿಗ್ಗೆ ಹೆಂಡತಿಯ ಕಣ್ಣು ತಿಳಿಯಾಗಿತ್ತು. ಪಾದರಸ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಅವಳ ಮುಖ ಒರೆಸಿ, ಸಿಕ್ಕುಗಟ್ಟಿದ್ದ ಕೂದಲನ್ನು ನೋಯದ ಹಾಗೆ ಬಾಚುತ್ತಿದ್ದ. ಸೂಜಿ ಹಾಕಲು ಬಂದ ವಾರ್ಡಿನ ನರ್ಸು ಒಂದು ಗಳಿಗೆ ನಿಂತು ನೋಡಿದಳು.

"ಪುಣ್ಯವಂತೆ ಕಣಮ್ಮಾ ನೀನು" ಎಂದಳು.

"ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ, ಆ ಮಾತು ಮಾತ್ರ ಆಡಬೇಡಿ" ಎಂದ ಪಾದರಸ, ಬಾಚಣಿಗೆ ಅಲ್ಲೇ ನಿಲ್ಲಿಸಿ. "ಅದನ್ನ ಕೇಳಿದಾಗಲೆಲ್ಲ ಇವಳು ನೋವು ನುಂಗಿಕೊಳ್ತಾಳೆ."

ನರ್ಸು ಕಕ್ಕಾಬಿಕ್ಕಿಯಾಗಿ ತನ್ನ ಕೆಲಸ ಮುಗಿಸಿ ಹೋದಳು. ಹೆಂಡತಿ ಗಂಡನ ಕಡೆಗೆ ಹೊರಳಿದಳು.

"ಹಾಗಾದ್ರೆ ಹೇಳ್ಲಾ?" ಎಂದಳು.

"ಹೇಳು."

"ಹೊಲಿಗೆ ಉರೀತಿದೆ. ಎದೆ ಹಾಲು ಕಟ್ಟಿ ಕಲ್ಲಾಗಿದೆ. ನೀವು ಮಾಡೋ ಅಡಿಗೆಗೆ ಉಪ್ಪು ಜಾಸ್ತಿ." ಅವಳು ಮಗುವಿನತ್ತ ಕೈ ಚಾಚಿದಳು. "ನನಗೆ ತೊಂದರೆ ಆಗಬಾರದು ಅಂತ ಮಗುನ ಎತ್ಕೊಂಡು ಹೋಗ್ತಾನೇ ಇದ್ರಿ. ಅದರ ಮುಖ ನಾನಿನ್ನೂ ಸರಿಯಾಗಿ ನೋಡಿಲ್ಲ."

ಪಾದರಸ ಹೆಗಲಿನಿಂದ ಮಗುವನ್ನು ಇಳಿಸಿ ಅವಳ ಮಗ್ಗುಲಲ್ಲಿ ಮಲಗಿಸಿದ. ಆಮೇಲೆ ಸ್ಟೂಲು ಎಳೆದುಕೊಂಡು, ಅವಳ ಮುಖಕ್ಕೆ ಮುಖ ಕೊಟ್ಟು ಕುಳಿತ.

"ಇನ್ನೇನೇನಿದೆ, ಹೇಳು" ಎಂದ.