ಕೊನೆಯ ಹದಿನಾರು ಪುಟ

ಗೋಂದಯ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಗೋಂದು ಕಲಸಿ, ರಟ್ಟು ಕತ್ತರಿಸಿ, ಪುಸ್ತಕ ಹೊಲಿದ ಮನುಷ್ಯನನ್ನು ಜನ ಇನ್ನೇನೆಂದು ಕರೆದಾರು? ಅವನ ಬೆರಳ ತುದಿಗಳು ಒಣಗಿದ ಗೋಂದಿನಿಂದ ಸದಾ ಹೊಳೆಯುತ್ತಿದ್ದವು. ಅನ್ನ ಕಲಸುವಾಗಲೂ ಹೊಳೆಯುತ್ತಿದ್ದವು ಎಂದು ಹೆಂಡತಿ ಛೇಡಿಸುತ್ತಿದ್ದಳು.

ಹೊಸ ಪುಸ್ತಕ ಬಂದರೆ ಅದು ಮೊದಲು ಇವನ ಕೈಗೆ ಬರಬೇಕು. ತೆಳು ಹೊದಿಕೆ ಕಿತ್ತು, ಪುಸ್ತಕವನ್ನು ಹದಿನಾರು ಪುಟದ ಕಟ್ಟುಗಳಾಗಿ ಬಿಡಿಸಿ, ದಪ್ಪ ದಾರದಲ್ಲಿ ಮತ್ತೆ ಹೊಲಿದು, ಗಟ್ಟಿ ರಟ್ಟು ಹಾಕಿದ ಮೇಲೇ ಅದು ಓದುಗರಿಗೆ ಸಿಗುತ್ತಿದ್ದದ್ದು. ತನ್ನ ಕೈಯಿಂದ ಒಂದೇ ಒಂದು ಹಾಳೆ ತಪ್ಪಿಲ್ಲ ಎಂಬುದು ಅವನ ಹೆಮ್ಮೆ. ಇನ್ನೊಬ್ಬರಿಗೆ ಇರುವ ಆಸ್ತಿ, ಪದವಿ, ವಿದ್ಯೆ ಯಾವುದೂ ಇವನಿಗಿರಲಿಲ್ಲ. ಇದ್ದದ್ದು ಈ ಮಾತೊಂದೇ. ಅದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ತಮಾಷೆಯೆಂದರೆ, ಗೋಂದಯ್ಯ ಕಾದಂಬರಿ ಓದುತ್ತಿರಲಿಲ್ಲ. ಓದುತ್ತಿದ್ದವಳು ಅವನ ಹೆಂಡತಿ. ಅದರಲ್ಲೂ ಕೊಲೆ, ಪತ್ತೇದಾರಿ ಎಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಲೈಬ್ರರಿಯ ಮುದ್ರೆ ಬೀಳುವ ಮೊದಲು ಪುಸ್ತಕ ಹೊರಗೆ ಹೋಗಕೂಡದೆಂಬ ನಿಯಮವಿತ್ತು. ಆದರೂ ಬಿಚ್ಚಿಟ್ಟ ಪುಸ್ತಕದ ಮೂರು ನಾಲ್ಕು ಕಟ್ಟುಗಳನ್ನು ಊಟದ ಡಬ್ಬಿಯ ಕೆಳಗಿಟ್ಟುಕೊಂಡು ಅವನು ದಿನಾ ಸಂಜೆ ಮನೆಗೆ ಒಯ್ಯುತ್ತಿದ್ದ. ಬೆಳಿಗ್ಗೆ ವಾಪಸು ತರುತ್ತಿದ್ದ. ಹೆಂಡತಿಗೆ ಬೇರೇನನ್ನೂ ಕೊಡಿಸಲಾಗದ ಗಂಡನ ಪ್ರೀತಿ ಅದು. ನಿಯಮದ ಹೆಸರಿನಲ್ಲಿ ಅದನ್ನು ಬೈಯಲು ನನಗೆ ಮನಸ್ಸಿಲ್ಲ.

ಆ ವರ್ಷ ಬಂದದ್ದು ಒಬ್ಬ ಸರ್ಕಾರಿ ವಕೀಲೆಯ ಕಥೆ. ಕೋರ್ಟಿನ ದಾಖಲೆ ಕೋಣೆಯಲ್ಲಿ ಒಬ್ಬ ಮುದುಕ ಕೊಲೆಯಾಗಿರುತ್ತಾನೆ. ಪೊಲೀಸರು ಕೊಟ್ಟ ಫೈಲು ಒಪ್ಪದೆ ವಕೀಲೆ ತಾನೇ ಮನೆಮನೆ ಅಲೆದು ವಿಚಾರಿಸುತ್ತಾಳೆ. ಲೈಬ್ರರಿಗೆ ಬಂದದ್ದು ಒಂದೇ ಪ್ರತಿ. ಬೈಂಡಾಗಿ ಹೊರಬಿದ್ದದ್ದೇ ತಡ, ಜನ ಮುಗಿಬಿದ್ದರು.

ಓದುವ ಕೋಣೆಯ ಮೇಜಿನ ಮೇಲೆ ಅಭಿಪ್ರಾಯ ಪುಸ್ತಕವೊಂದಿತ್ತು. ಓದಿದವರು ಅದರಲ್ಲಿ ನಾಲ್ಕು ಸಾಲು ಬರೆಯಬಹುದು. ನಾಲ್ಕು ಸಾಲಿಗೆ ಎಂದೂ ನಿಲ್ಲದವರೆಂದರೆ ನಿವೃತ್ತ ಮೇಷ್ಟ್ರು. ಈ ಕಾದಂಬರಿಗೆ ಅವರು ಎರಡು ಪುಟ ಬರೆದರು. ತುಂಬಿದ ಕೋರ್ಟಿನಲ್ಲಿ ವಕೀಲೆ ಎದ್ದು ನಿಂತು, ‘ಕೊಂದವರು ಈ ಕೋಣೆಯಲ್ಲೇ ಇದ್ದಾರೆ’ ಎನ್ನುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ‘ಆ ಕೋಣೆ ಬೇರೆ ಯಾವುದೂ ಅಲ್ಲ, ನಮ್ಮ ಸಮಾಜ. ಕೊಲೆಗಾರನ ಹೆಸರು ಹೇಳದೆ ಬಿಟ್ಟದ್ದೇ ಲೇಖಕರ ಗೆಲುವು’ ಎಂದರು ಮೇಷ್ಟ್ರು. ಅವರು ಹೇಳಿದ ಮೇಲೆ ಉಳಿದವರಿಗೂ ಹಾಗೇ ಕಂಡಿತು. ಒಬ್ಬರು ‘ದಿಟ್ಟ ಅಂತ್ಯ’ ಎಂದರು, ಇನ್ನೊಬ್ಬರು ‘ತೀರ್ಪು ನಮ್ಮ ಕೈಗೇ ಕೊಟ್ಟಿದ್ದಾರೆ’ ಎಂದರು.

ಒಂದು ಮಧ್ಯಾಹ್ನ, ಎದುರು ಬೀದಿಯ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸು ಇದರ ಕೆಳಗೆ ಬರೆದಳು. ಅಂಗಿಗಳಿಗೆ ಗುಂಡಿಯ ತೂತು ಹೊಲಿದು ಹೊಲಿದು ಹಾಳೆಯ ಮೇಲೂ ಅವಳ ಅಕ್ಷರ ಒಂದೇ ಅಳತೆಯಲ್ಲಿ ಬೀಳುತ್ತಿತ್ತು. ‘ಕಥೆ ಚೆನ್ನಾಗಿದೆ. ಆದರೆ ಮುಗಿದಿಲ್ಲ. ಯಾರು ಕೊಂದದ್ದು ಅಂತ ಇಲ್ಲ, ಕೊನೆಗೆ ಮುಗಿಯಿತು ಅಂತಲೂ ಇಲ್ಲ. ಪುಟ ಬಿಟ್ಟುಹೋಗಿರಬಹುದಾ?’ ಅವಳು ಅಲ್ಲಿ ಬರೆದದ್ದು ಅದೇ ಮೊದಲ ಸಲ.

ಮೇಷ್ಟ್ರು ಅವಳ ಎದುರೇ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಏಳೆಂಟು ಜನ ಕೂತಿದ್ದರು, ಅವರೂ ನಕ್ಕರು. ಲೈಬ್ರರಿ ಮೇಡಂ ಮಾತ್ರ ಹಿಂದಿನ ಕೋಣೆಯತ್ತ ತಿರುಗಿ, “ಗೋಂದಯ್ಯ, ಒಂದ್ಸಲ ನೋಡ್ತೀರಾ?” ಎಂದು ಕರೆದರು.

ಗೋಂದಯ್ಯ ಕೈ ಒರೆಸಿಕೊಳ್ಳುತ್ತ ಬಂದ. ಪುಸ್ತಕ ಮುಟ್ಟಲೂ ಇಲ್ಲ. “ಮೂವತ್ತೊಂದು ವರ್ಷ ಆಯ್ತು ಮೇಡಂ, ನನ್ನ ಕೈಯಿಂದ ಒಂದು ಹಾಳೆ ತಪ್ಪಿಲ್ಲ” ಎಂದ. ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಕಥೆ ಹೇಳುವ ಕೆಲಸ ನನಗಿರುತ್ತಿರಲಿಲ್ಲ. ಸುತ್ತ ನಗುವ ಮುಖಗಳನ್ನು ಕಂಡು ಅವನಿಗೆ ಹುರುಪು ಬಂತು. ಆ ಹೆಂಗಸಿನ ಕಡೆ ತಿರುಗಿ, “ಓದೋದು ಅಂದ್ರೆ ಕಾಜಾ ಹಾಕಿದ ಹಾಗಲ್ಲಮ್ಮ. ಸ್ವಲ್ಪ ತಲೇನೂ ಬೇಕಾಗತ್ತೆ” ಎಂದ.

ಕೋಣೆ ಹೋ ಎಂದಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವಳು ಆ ಪುಸ್ತಕವನ್ನೇ ಇನ್ನೆರಡು ವಾರಕ್ಕೆ ಬರೆಸಿಕೊಂಡು ಹೋದಳು.

ಸಂಜೆ ಗೋಂದಯ್ಯ ಚಹಾ ಕುಡಿಯುತ್ತ ಇದನ್ನೆಲ್ಲ ಹೆಂಡತಿಗೆ ಹೇಳಿದ. ತಾನು ಹೇಳಿದ ಮಾತನ್ನಂತೂ ರಾಗ ಎಳೆದು, ಕೈ ಆಡಿಸಿ ಹೇಳಿದ. ಹೆಂಡತಿ ನಗಲಿಲ್ಲ.

“ಅಲ್ಲಾ ರೀ, ಯಾರು ಕೊಂದದ್ದು ಅಂತ ಗೊತ್ತಾಗತ್ತಲ್ಲ” ಎಂದಳು. “ಆ ವಕೀಲೆ ಪಕ್ಕದಲ್ಲೇ ಫೈಲು ಹಿಡ್ಕೊಂಡು ಓಡಾಡ್ತಿದ್ನಲ್ಲ, ಅವಳ ಗುಮಾಸ್ತ, ಅವನೇ! ಕೊನೇಲಿ ಎಷ್ಟು ಅಳ್ತಾಳೆ ಪಾಪ.”

“ಎಲ್ಲಿದೆ ಅದು?”

“ಕೊನೇ ಕಟ್ಟಲ್ಲಿ.” ಹಾಗೆಂದವಳೇ ದಡಕ್ಕನೆ ಎದ್ದುಹೋಗಿ ಬೀರು ತೆರೆದು, ಹಾಸು ಹೊದಿಕೆಗಳ ನಡುವಿನಿಂದ ಹದಿನಾರು ಪುಟದ ಕಟ್ಟೊಂದನ್ನು ತೆಗೆದಳು. ನಾಲ್ಕು ಪುಟ ಉಳಿದಿವೆ, ನಾಳೆ ಕೊಡುತ್ತೇನೆ ಎಂದು ಅವಳು ಅವತ್ತು ಹೇಳಿದ್ದು ನಿಜ. ಮಡಿಕೆ ಬೀಳಬಾರದೆಂದು ಎತ್ತಿಟ್ಟದ್ದೂ ನಿಜ. ಅವನು ಕೇಳಲಿಲ್ಲ, ಅವಳಿಗೆ ಮರೆತುಹೋಯಿತು. ಮಾರನೆಯ ದಿನ ಗೋಂದಯ್ಯ ಮೇಜಿನ ಮೇಲಿದ್ದ ಹದಿನಾರು ಕಟ್ಟುಗಳನ್ನು ನೀಟಾಗಿ ತಟ್ಟಿ, ಹದಿನೇಳೆಂದು ನಂಬಿ ಹೊಲಿದುಬಿಟ್ಟಿದ್ದ. ಎಣಿಸಿರಲಿಲ್ಲ. ಎಂದೂ ತಪ್ಪದವನು ಯಾಕೆ ಎಣಿಸಬೇಕು?

ಗೋಂದಯ್ಯನಿಗೆ ಮೊದಲು ನೆನಪಾದದ್ದು ಆ ಹೆಂಗಸಿನ ಮುಖವಲ್ಲ, ಮೂವತ್ತೊಂದು ವರ್ಷದ ತನ್ನ ಮಾತು. ಅದಕ್ಕೂ ಅವನಿಗೆ ಆಮೇಲೆ ನಾಚಿಕೆಯಾಯಿತು.

ನಾಳೆ ಹೇಳಿಬಿಡುತ್ತೇನೆ ಎಂದುಕೊಂಡ. ನಾಳೆ ಮೇಡಂ ರಜೆ. ಅದರ ಮರುದಿನ ಮೇಷ್ಟ್ರ ಎರಡು ಪುಟ ಪತ್ರಿಕೆಯೊಂದರ ಓದುಗರ ಅಂಕಣದಲ್ಲಿ ಅಚ್ಚಾಗಿ ಬಂತು, ಎಲ್ಲರೂ ಕೈಕುಲುಕುತ್ತಿದ್ದರು. ಅಂಥಾ ಹೊತ್ತಿನಲ್ಲಿ ಬಾಯಿ ಬಿಡುವುದು ಹೇಗೆ? ಪುಟ ಮನೆಗೆ ಒಯ್ದದ್ದೂ ಹೊರಬೀಳುತ್ತದಲ್ಲ. ಹೀಗೆ ದಿನಕ್ಕೊಂದು ನೆಪ ಸಿಗುತ್ತ ಹೋಯಿತು. ಅಭಿಪ್ರಾಯ ಪುಸ್ತಕದಲ್ಲಿ ಮೊದಲೇ ಓದಿದ್ದವರ ಹೊಗಳಿಕೆ ಬೆಳೆಯುತ್ತಲೇ ಇತ್ತು. ಜನ ಮೆಚ್ಚಿದ್ದು ತನ್ನ ಮರೆವನ್ನು ಎಂದು ಅಲ್ಲಿ ಅವನೊಬ್ಬನಿಗೆ ಗೊತ್ತು. ಯಾರೋ ಆ ಹೆಂಗಸಿನ ಸಾಲುಗಳ ಪಕ್ಕದಲ್ಲಿ ಒಂದು ಗುಂಡಿಯ ಚಿತ್ರ ಬರೆದಿದ್ದರು. ಅದನ್ನು ಕಂಡು ಗೋಂದಯ್ಯ ರಬ್ಬರು ತಂದು ಉಜ್ಜಿದ. ಅದು ಶಾಯಿ, ಹೋಗಲಿಲ್ಲ.

ಹನ್ನೆರಡನೆಯ ದಿನ ಅವಳು ಬಂದಳು. ಪುಸ್ತಕ ಹಿಂದಿರುಗಿಸಿ, ಅದರ ಜೊತೆಗೆ ತನ್ನ ಕಾರ್ಡನ್ನೂ ಮೇಡಂ ಮುಂದಿಟ್ಟು, “ಇನ್ಮೇಲೆ ಬರೋಕಾಗಲ್ಲ” ಎಂದಳು. ಗೋಂದಯ್ಯ ತನ್ನ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಹತ್ತು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಅವನು ಒಳಗೆ ಹೋಗಿ, ಕಲಸಿದ್ದ ಗೋಂದನ್ನೇ ಮತ್ತೆ ಕಲಸಿದ.

ಹೆಂಡತಿ ಕೊನೆಗೆ ತಡೆಯಲಾರದೆ ಹೇಳಿದಳು: “ಕೊಲೆ ಮಾಡಿದವರ ಹಾಗೆ ಮುಖ ಮರೆಸಿಕೊಂಡು ಯಾಕೆ ಓಡಾಡ್ತೀರಾ? ನನ್ನ ಹೆಸರು ಬೇಕಾದ್ರೂ ಹೇಳಿ. ಹೇಳಿಬಿಡಿ, ಅಷ್ಟೇ.”

ಇಪ್ಪತ್ತು ದಿನವಾದ ಮೇಲೆ ಬಂದ ಭಾನುವಾರ, ಓದುಗರ ತಿಂಗಳ ಸಭೆಯಲ್ಲಿ ಗೋಂದಯ್ಯ ಎದ್ದು ನಿಂತ.  ಹದಿನಾರು ಪುಟಗಳನ್ನು ಮೇಜಿನ ಮೇಲಿಟ್ಟು, “ಇದು ಹೊಲಿಗೆಗೆ ಬರದೆ ನಮ್ಮ ಮನೇಲೇ ಉಳಿದಿತ್ತು. ಓದೋಕೆ ಒಯ್ದಿದ್ದೆ. ತಪ್ಪು ನನ್ನದು” ಎಂದ.

 ಕೆಲವರ ಮುಖ ಕೆಂಪಾಯಿತು. ಹೊಗಳಿ ಬರೆದ ಕೈಗಳನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯಲಿಲ್ಲ. ಮೇಡಂ ಮೆಲ್ಲಗೆ, “ನಿನ್ನೆ ಮೊನ್ನೆ ಸಿಕ್ಕಿತೇನೋ?” ಎಂದರು. ಗೋಂದಯ್ಯನ ತಲೆ ತಾನಾಗಿ ಹೌದೆಂದು ಆಡಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಒಂದು ದೃಷ್ಟಿಯಲ್ಲಿ ನೋಡಿದರೆ ಗೋಂದಯ್ಯ, ನೀನು ಕಾದಂಬರಿಗೆ ಉಪಕಾರಾನೇ ಮಾಡಿದ್ದೀಯ. ಇದು ಇಲ್ಲದೇ ಇದ್ದಿದ್ರೇ ಚೆನ್ನಾಗಿತ್ತು” ಎಂದರು. ಎಲ್ಲರಿಗೂ ಉಸಿರು ಬಂದಂತಾಗಿ ಜೋರಾಗಿ ನಕ್ಕರು. ಮೂವತ್ತೊಂದು ವರ್ಷಕ್ಕೆ ಒಂದು ತಪ್ಪು ಯಾವ ಲೆಕ್ಕ ಎಂದರು. ಯಾರೋ ಅವನ ಬೆನ್ನು ತಟ್ಟಿದರು, ಯಾರೋ ಚಹಾ ತಂದುಕೊಟ್ಟರು. ಆ ಹೆಂಗಸಿನ ಮಾತನ್ನು ಯಾರೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಸೋಮವಾರ ಹೊಲಿಗೆ ಬಿಚ್ಚಿ, ಹದಿನೇಳು ಕಟ್ಟನ್ನೂ ಎರಡು ಸಲ ಎಣಿಸಿ, ಪುಸ್ತಕವನ್ನು ಮತ್ತೆ ಕಟ್ಟಿದ. ರಟ್ಟು ಒಣಗಿದ ಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡು ಟೈಲರ್ ಅಂಗಡಿಗೆ ಹೊರಟ. ಮನಸ್ಸು ಹಗುರಾಗಿತ್ತು. ಪುಸ್ತಕ ಕೊಟ್ಟು ಕೈ ಮುಗಿದರೆ ಆಯಿತು ಎಂದುಕೊಂಡಿದ್ದ.

ಅವಳು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಬಿಳಿ ಅಂಗಿಯೊಂದಕ್ಕೆ ಕಾಜಾ ಹಾಕುತ್ತಿದ್ದಳು. ಪುಟ ಮನೆಯಲ್ಲಿ ಉಳಿದದ್ದು, ನಿನ್ನೆ ಸಭೆಯಲ್ಲಿ ಒಪ್ಪಿಕೊಂಡದ್ದು ಎಲ್ಲವನ್ನೂ ಗೋಂದಯ್ಯ ನಿಂತೇ ಹೇಳಿದ. ಮಿಷನ್ನಿನ ಮುಂದಿದ್ದ ಇಬ್ಬರು ಹುಡುಗಿಯರು ಪೆಡಲ್ ನಿಲ್ಲಿಸಿ ಕೇಳಿಸಿಕೊಂಡರು.

“ಅಂದ್ರೆ ಪುಟ ಇರಲಿಲ್ಲ” ಎಂದಳು ಅವಳು.

“ಇರಲಿಲ್ಲಮ್ಮ. ನೀವು ಹೇಳಿದ್ದೇ ಸರಿ.”

“ನಾನು ಆಮೇಲೆ ಎರಡು ಸಲ ಓದಿದೆ ಅಣ್ಣ. ನನಗೇ ಏನೋ ತಿಳೀತಿಲ್ಲ ಅಂದ್ಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ಆದ್ರೂ ತಿಳೀಲಿಲ್ಲ. ನೀವು ಹೇಳಿದ್ದೇ ನಿಜ, ನನಗೆ ತಲೆ ಇಲ್ಲ ಅಂತ ಕಾರ್ಡು ಕೊಟ್ಟುಬಂದೆ.” ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ನಿಮಗೆ ಯಾವಾಗ ಗೊತ್ತಾಯ್ತು?”

ನಿನ್ನೆ ಮೊನ್ನೆ ಎನ್ನಬಹುದಿತ್ತು. ಸಭೆಯಲ್ಲಿ ಆ ಮಾತು ನಡೆದುಹೋಗಿತ್ತು.

“ನೀವು ಕೇಳಿದ ದಿನಾನೇ. ಸಂಜೆಗೆ” ಎಂದ ಗೋಂದಯ್ಯ.

“ಕಾರ್ಡು ಕೊಡೋಕೆ ಬಂದಾಗ ನೀವು ಬಾಗಿಲಲ್ಲಿ ನಿಂತಿದ್ರಿ.”

“ನಿಂತಿದ್ದೆ.”

“ಆವಾಗ ಗೊತ್ತಿತ್ತು.”

“ಗೊತ್ತಿತ್ತು.”

“ಇದನ್ನ ಅವರಿಗೂ ಹೇಳಿದ್ರಾ, ನೆನ್ನೆ?”

ಗೋಂದಯ್ಯ ತಲೆ ತಗ್ಗಿಸಿದ. ಸಭೆಯಲ್ಲಿ ತಟ್ಟಿಸಿಕೊಂಡ ಬೆನ್ನು, ಕುಡಿದ ಚಹಾ ಎಲ್ಲ ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವರು ಕ್ಷಮಿಸಿದ್ದು ಹದಿನಾರು ಪುಟವನ್ನು. ಇಪ್ಪತ್ತು ದಿನದ ಸಂಗತಿಯನ್ನು ಅವನು ಅವರ ಮುಂದೆ ಇಟ್ಟೇ ಇರಲಿಲ್ಲ. ಹಿಡಿದುಕೊಂಡೇ ಇದ್ದ ಪುಸ್ತಕವನ್ನು ಮುಂದೆ ಚಾಚಿ, “ಇದನ್ನಾದ್ರೂ ತಗೊಳ್ಳಿ. ಕೊನೆ ಇದೆ ಇದರಲ್ಲಿ” ಎಂದ.

ಅವಳು ಕೈ ಚಾಚಲಿಲ್ಲ. ಸಿಟ್ಟನ್ನೂ ತೋರಿಸಲಿಲ್ಲ.

“ನನ್ನ ಹತ್ರ ಕಾರ್ಡಿಲ್ಲವಲ್ಲ ಅಣ್ಣ” ಎಂದು ಸೂಜಿ ಎತ್ತಿಕೊಂಡಳು.