ಹಿಡಿಕೆ ಇಲ್ಲದ ಬಾಗಿಲು

ಡೆಲ್ಬರ್ಟ್ ಸ್ಕೊಗನ್ ಬಗ್ಗೆ ಹೇಳಲೇಬೇಕು. ಮಾರಲು ಇಟ್ಟ ಗಾಡಿಯ ಕುಂದುಗಳನ್ನು ಕೊಳ್ಳಲು ಬಂದವರಿಗೆ ತಾನೇ ಮೊದಲು ತೋರಿಸುವವನು ಮಿನ್ನೆಸೋಟದ ನಮ್ಮ ಊರಲ್ಲಿ ಅವನೊಬ್ಬನೇ. ಹಾಲಿನ ಲಾರಿ ಓಡಿಸಿ ನಿವೃತ್ತನಾದವನು. ನಾನು ಅವನ ಪಕ್ಕದ ಮನೆಯವನು, ಗಾಡಿಗಳ ಸೈಲೆನ್ಸರ್ ರಿಪೇರಿ ಮಾಡುವವನು.

ಅವನ ಗಾಡಿ ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಫೋರ್ಡ್ ಪಿಕಪ್. ಯಾರದೋ ಕೊಟ್ಟಿಗೆಯ ಹಿಂದೆ ಬಿದ್ದಿತ್ತು, ಒಳಗೆ ಮರ ಬೆಳೆದಿತ್ತು. ಡೆಲ್ ಮರ ಕಡಿದು ಗಾಡಿ ತಂದ. ಚಾವಣಿ ಕತ್ತರಿಸಿ ತಗ್ಗಿಸಿದ, ಬೇರೆ ಎಂಜಿನ್ ಕೂರಿಸಿದ, ಗಾಡಿಯನ್ನೇ ನೆಲಕ್ಕೆ ತಾಗುವಷ್ಟು ಇಳಿಸಿದ. ನೇರಳೆ ಹಣ್ಣಿನ ಬಣ್ಣ ಹೊಡೆದ. ಬಾಗಿಲುಗಳ ಹಿಡಿಕೆಯನ್ನು ಒಳಗೂ ಹೊರಗೂ ಕಿತ್ತು, ತೂತು ಮುಚ್ಚಿ, ಕನ್ನಡಿಯ ಹಾಗೆ ನುಣ್ಣಗೆ ಮಾಡಿದ. ಕೆಳಗೆ ಒಂದು ಗುಪ್ತ ಗುಂಡಿ ಇತ್ತು. ಒತ್ತಿದರೆ ಬ್ಯಾಟರಿಯ ಕರೆಂಟಿಗೆ ಬಾಗಿಲು ಟಕ್ ಅಂತ ತೆರೆದುಕೊಳ್ಳುತ್ತಿತ್ತು. ಆ ಬಾಗಿಲೇ ಅವನ ಹೆಮ್ಮೆ.

ಬೇಸಿಗೆಯ ಗುರುವಾರ ಸಂಜೆ ಹಳೇ ಗಾಡಿ ಹುಚ್ಚಿನ ನಾವೆಲ್ಲ ರೂಟ್ ಬಿಯರ್ ಎಂಬ ಸಿಹಿ ಪಾನೀಯದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಹಿಂದೆ ಮಡಚುವ ಕುರ್ಚಿ ಹಾಕಿ ಕೂರುತ್ತೇವೆ. ಡೆಲ್ ಪಕ್ಕದ ಕುರ್ಚಿ ಅವನ ಹೆಂಡತಿ ಆರ್ಲಿಸ್‌ಳದು. ಹೋದ ವರ್ಷ ಅವಳ ಮಂಡಿ ಕೆಟ್ಟಿತು. ಅಷ್ಟು ತಗ್ಗಿನ ಗಾಡಿಯಲ್ಲಿ ಕೂತು ಏಳಲು ಆಗಲಿಲ್ಲ.

"ಮನೆ ಕಾರಲ್ಲಿ ಹೋಗೋಣ ಬಾ" ಅಂದ ಡೆಲ್.

"ಅಲ್ಲಿಗೆ ಆ ಡಬ್ಬದಲ್ಲಾ? ಮದುವೆಗೆ ನೈಟಿ ಹಾಕ್ಕೊಂಡು ಹೋದಂಗೆ! ನೀನು ಹೋಗಿ ಬಾ."

ಖಾಲಿ ಕುರ್ಚಿಯ ಪಕ್ಕ ಅವನಿಗೆ ಕೂರಲಾಗಲಿಲ್ಲ. ಈ ಗಾಡಿ ಮಾರಿ, ಅವಳು ಸಲೀಸಾಗಿ ಕೂರುವಂಥ ಎತ್ತರದ ಹಳೇ ಗಾಡಿಯೊಂದನ್ನು ಕಟ್ಟುತ್ತೇನೆ ಅಂತ ಗಾಜಿಗೆ 'ಮಾರಾಟಕ್ಕಿದೆ' ಎಂಬ ರಟ್ಟು ಸಿಕ್ಕಿಸಿದ.

ಜನ ಬಂದರು. ಡೆಲ್ ಶುರುಮಾಡುತ್ತಿದ್ದ: "ಇಲ್ಲಿ ಬಣ್ಣ ಗುಳ್ಳೆ ಎದ್ದಿದೆ ನೋಡಿ. ಬಿಸಿಲಲ್ಲಿ ನಿಂತ್ರೆ ಎಂಜಿನ್ ಕಾಯುತ್ತೆ. ಸ್ವಲ್ಪ ಬಲಕ್ಕೆ ಎಳೆಯುತ್ತೆ." ಬಂದವರು ಹೋಗುತ್ತಿದ್ದರು.

"ನೀನು ಗಾಡಿ ಮಾರ್ತಿದೀಯೋ, ಪಾದ್ರಿ ಮುಂದೆ ಪಾಪ ಒಪ್ಕೋತಿದೀಯೋ?" ಅಂತ ಆರ್ಲಿಸ್ ರೇಗಿಸುತ್ತಿದ್ದಳು.

ಕೊನೆಗೆ ಪಕ್ಕದ ಊರಿನ ಜೋಲೀನ್ ಬ್ರಾಟನ್ ಬರುವೆನೆಂದು ಫೋನ್ ಮಾಡಿದಳು. ಶಾಲೆ ಬಸ್ ಓಡಿಸುವ ಹೆಂಗಸು. ಆ ಬೆಳಿಗ್ಗೆ ಆರ್ಲಿಸ್ "ಗಾಡಿ ಹೋಗೋ ಮುಂಚೆ ಒಂದ್ಸಲ ಕೂತ್ಕೋತೀನಿ" ಅಂದಳು. ನಾನೂ ಡೆಲ್ಲೂ ಎರಡು ಕಡೆ ಹಿಡಿದು ಕೂರಿಸಿದೆವು. ಡೆಲ್ ಅವಳಿಗಾಗಿ ರೇಡಿಯೋ ಹಾಕಿದ, ದೀಪ ಹಾಕಿದ, ಬಾಗಿಲು ಮುಚ್ಚಿ ಗಾಡಿ ಒರೆಸತೊಡಗಿದ. ಒರೆಸುತ್ತಲೇ ಇದ್ದ.

ಜೋಲೀನ್ ಬಂದಳು. ಡೆಲ್ ಗುಳ್ಳೆ, ಬಿಸಿ, ಬಲಕ್ಕೆ ಎಳೆಯುವುದು ಎಲ್ಲ ಹೇಳಿದ. ಅವಳು ಹೋಗಲಿಲ್ಲ. "ಈಗ ಬಾಗಿಲು ನೋಡಿ" ಅಂತ ಗುಂಡಿ ಒತ್ತಿದ. ಟಕ್ ಅನ್ನಲಿಲ್ಲ. ಮತ್ತೆ ಒತ್ತಿದ. ರೇಡಿಯೋ ಕೂಡ ಯಾವಾಗಲೋ ನಿಂತುಹೋಗಿತ್ತು.

"ಏನಾಯ್ತೋ?" ಗಾಜಿನ ಹಿಂದಿನಿಂದ ಆರ್ಲಿಸ್ ಕೂಗಿದಳು. ಗಾಜು ಇಳಿಸಲೂ ಕರೆಂಟೇ ಬೇಕು.

"ಬ್ಯಾಟರಿ ಹೋಯ್ತು."

"ಒಳಗಿರೋರು ಗಾಡಿ ಜೊತೇಲೇ ಬರ್ತಾರಾ?" ಅಂದಳು ಜೋಲೀನ್.

"ಬರ್ತೀನಮ್ಮ, ನಿಮ್ಮನೆ ಬಾಗಿಲಿಗಾದ್ರೂ ಹಿಡಿಕೆ ಇದ್ರೆ!"

ಇಂಥ ಬಾಗಿಲು ಮಾಡುವವರೆಲ್ಲ ಇಂಥ ದಿನಕ್ಕಂತಲೇ ಎಳೆಯುವ ತಂತಿಯೊಂದನ್ನು ಎಲ್ಲೋ ಬಿಟ್ಟಿರುತ್ತಾರೆ.

"ತಂತಿ ಎಲ್ಲೋ?" ಅಂದೆ.

"ಹಿಂದೆ, ಹಲಗೆ ಅಡಿ."

"ಬ್ಯಾಟರಿ?"

"ಅದೂ ಅಲ್ಲೇ."

ತಂತಿ ಬಿಟ್ಟ ಮೇಲೆ ಅದರ ಮೇಲೆ ಚೆಂದದ ಓಕ್ ಹಲಗೆ ಹಾಸಿ, ಪಾಲಿಶ್ ಮಾಡಿ, ಸಾಲಾಗಿ ಸ್ಕ್ರೂ ಬಿಗಿದಿದ್ದ. ಮೂವರೂ ಮಂಡಿಯೂರಿ ಬಿಚ್ಚತೊಡಗಿದೆವು. ಒಳಗಿನಿಂದ ಅಪ್ಪಣೆ ಬರುತ್ತಿತ್ತು: "ಬಂದೋರ ಕೈಲಿ ಕೆಲಸ ಮಾಡಿಸ್ತೀಯಲ್ಲೋ! ಅಡುಗೆಮನೇಲಿ ರೂಬಾರ್ಬ್ ಪೈ ಇದೆ, ಮೊದಲು ತಿನ್ನೋಕೆ ಕೊಡು!"

ಹಲಗೆ ಎದ್ದಿತು. ಡೆಲ್ ತಂತಿ ಎಳೆದ. ಟಕ್. ಆರ್ಲಿಸ್ ನನ್ನ ಭುಜ ಹಿಡಿದು ಇಳಿದು, ನಗುತ್ತಾ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಳು.

ಡೆಲ್ ಬೆವರು ಒರೆಸಿಕೊಂಡು ಗಾಜಿನ ರಟ್ಟು ತೆಗೆದ. "ಎಲ್ಲಾ ಕುಂದು ಹೇಳ್ದೆ, ಇದೊಂದು ಹೇಳಿರ್ಲಿಲ್ಲ. ಹೀಗೇ ಮಾರೋಕಾಗಲ್ಲ, ಸುಮ್ನೆ ಬರೋ ಹಾಗಾಯ್ತು ನಿಮಗೆ."

"ಹಿಡಿಕೆ ಹಾಕಿ ಕೊಡಿ, ತಗೋತೀನಿ" ಅಂದಳು ಜೋಲೀನ್. "ಉಳಿದಿದ್ದೆಲ್ಲ ಮೊದಲೇ ಹೇಳಿದ್ರಲ್ಲ, ಅದಕ್ಕೇ."

ಡೆಲ್ ಆ ನುಣುಪಾದ ಬಾಗಿಲಿನ ಮೇಲೆ ಕೈಯಾಡಿಸಿದ. ಆರ್ಲಿಸ್‌ಳ ಕಾಲು ನೋಡಿದ. ಶೆಡ್ಡಿಗೆ ಹೋಗಿ ಕಾಫಿ ಡಬ್ಬ ತಂದ. ಅದರಲ್ಲಿ ಕಿತ್ತ ಹಿಡಿಕೆಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಟ್ಟಿದ್ದ. ಆಮೇಲೆ ಡ್ರಿಲ್ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ತನ್ನ ಹೆಮ್ಮೆಯ ಬಾಗಿಲಿಗೆ ತಾನೇ ತೂತು ಕೊರೆದ.

ಜೋಲೀನ್ ಆ ಗಾಡಿ ಒಯ್ದಳು. ಈಗ ಡೆಲ್, ಆರ್ಲಿಸ್ ಇಬ್ಬರದು ಐವತ್ತೊಂದನೇ ಇಸವಿಯ ಎತ್ತರದ ಪಿಕಪ್. ಹೊರಗೊಂದು ಹಿಡಿಕೆ, ಒಳಗೊಂದು, ಹತ್ತುವಾಗ ಹಿಡಿದುಕೊಳ್ಳಲು ಬಾಗಿಲ ಪಕ್ಕದ ಕಂಬಕ್ಕೊಂದು. ಬಣ್ಣ ಇನ್ನೂ ಆಗಿಲ್ಲ. ಆದರೂ ಗುರುವಾರ ತಪ್ಪಿಸುವುದಿಲ್ಲ, ಎರಡೂ ಕುರ್ಚಿಗಳು ತುಂಬಿರುತ್ತವೆ.

ನೀವೂ ಒಂದು ಸಂಜೆ ಹೋಗಿ ಅವರನ್ನು ಮಾತಾಡಿಸಿ. ಕುರ್ಚಿ ನೀವೇ ಒಯ್ಯಿರಿ. ಗಾಡಿ ಚೆನ್ನಾಗಿದೆ ಅಂದರೆ ಡೆಲ್ ಎದ್ದು ಬಂದು ಅದರ ಕುಂದು ತೋರಿಸುತ್ತಾನೆ. ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಆರ್ಲಿಸ್ ಪೈ ಕೊಡುತ್ತಾಳೆ.